ಮೊದಲ ಪಿಸ್ತೂಲು ತೀರಾ ಚಿಕ್ಕದು ಬೇಡ

ಡಲ್ಲಾಸ್ ಸುತ್ತಮುತ್ತಲಿನ ನಮ್ಮ ಕನ್ನಡದವರ ಬಳಗದಲ್ಲಿ ಈಚೆಗೆ ಒಂದು ಪ್ರಶ್ನೆ ಪದೇ ಪದೇ ಬರುತ್ತಿದೆ. "ದಿನಾ ಸೊಂಟದಲ್ಲಿಟ್ಟುಕೊಂಡು ಓಡಾಡೋಕೆ ಒಂದು ಚಿಕ್ಕ ಪಿಸ್ತೂಲ್ ತಗೋಬೇಕು, ಯಾವುದು ಒಳ್ಳೇದು?" ಕೇಳುವವರಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ಇದ್ದಾರೆ, ಗ್ಯಾಸ್ ಸ್ಟೇಷನ್ ನಡೆಸುವವರಿದ್ದಾರೆ, ಸುಮ್ನೆ ಕುತೂಹಲಕ್ಕೆ ಕೇಳುವ ಐಟಿ ಹುಡುಗರೂ ಇದ್ದಾರೆ. ನಾನು ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಮಾಡಿಸಿ ಬಹಳ ವರ್ಷಗಳಿಂದ ಪಿಸ್ತೂಲ್ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಪಾರ್ಕಿಂಗ್ ಲಾಟಿನಲ್ಲಿ ನಿಂತು ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಪೂರ್ತಿ ಬರೆದುಬಿಡೋಣ ಅನ್ನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಮೊದಲ ಪಿಸ್ತೂಲು ಅಂಗಡಿಯಲ್ಲಿರುವ ಅತಿ ಚಿಕ್ಕ ಪಿಸ್ತೂಲು ಆಗಬಾರದು. ನಿಮ್ಮ ಪೂರ್ತಿ ಕೈ ಹಿಡಿಯುವಂಥ, ಗ್ಲಾಕ್ 19 ಅನ್ನುವ ಮಧ್ಯಮ ಗಾತ್ರದ ಪಿಸ್ತೂಲಿನ ಆಸುಪಾಸಿನ ಅಳತೆಯ, 9 ಎಂಎಂ ಗುಂಡಿನದ್ದು ತಗೊಳ್ಳಿ. ಅದನ್ನು ಅಭ್ಯಾಸ ಮಾಡಲು ಸಮಯ ಇಲ್ಲ ಅನ್ನುವವರು ಯಾವುದನ್ನೂ ತಗೋಬೇಡಿ.

ಊರಿನಲ್ಲಿ ಕೂತು ಓದುತ್ತಿರುವವರಿಗೆ: ಇದು ನಿಮಗೆ ಬರೆದದ್ದಲ್ಲ. ಭಾರತದಲ್ಲಿ ಪಿಸ್ತೂಲಿಗೆ ಲೈಸೆನ್ಸ್ ಬೇಕು, 9 ಎಂಎಂ ಸಾಮಾನ್ಯ ಜನರಿಗೆ ನಿಷೇಧಿತ ಬೋರ್ (ಬೋರ್ ಅಂದರೆ ನಳಿಕೆಯ ಅಳತೆ). ಲೈಸೆನ್ಸ್ ಸಿಕ್ಕವರಿಗೆ ಹೆಚ್ಚಾಗಿ .32 ಬೋರ್ ಮಾತ್ರ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆಯೂ ನಡೆಯುತ್ತದೆ. ಆದರೆ ಮನೆಯ ಕೋವಿಗೂ ಜನರ ನಡುವೆ ಅಂಗಿಯ ಕೆಳಗೆ ಇಟ್ಟುಕೊಂಡು ಓಡಾಡುವ ಪಿಸ್ತೂಲಿಗೂ ಬಹಳ ಅಂತರ ಇದೆ. ನಾನು ಹೇಳುತ್ತಿರುವುದು ಅಮೆರಿಕದ ಮಾತು, ಅದರಲ್ಲೂ ಟೆಕ್ಸಾಸ್‌ನ ಮಾತು.

ಇಲ್ಲಿರುವ ನಮ್ಮವರಿಗೆ ಪಿಸ್ತೂಲಿಗಿಂತ ಮೊದಲು ಬರುವುದು ವೀಸಾ. ಎಚ್-1ಬಿ, ಎಲ್-1, ಎಫ್-1, ಎಚ್-4 ಇವೆಲ್ಲ ವಲಸೆಯೇತರ ವೀಸಾಗಳು. ಈ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಒಂದೇ ಒಂದು ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಫೆಡರಲ್ ಕಾನೂನು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ನಿಜ. ಆದರೆ ಅದನ್ನು ಗೆಳೆಯರ ಮಾತು ನಂಬಿ ಬಳಸಬೇಡಿ, ವಕೀಲರನ್ನು ಕೇಳಿ. ಶಿಕ್ಷೆ 15 ವರ್ಷದವರೆಗೆ ಹೋಗಬಹುದು, ಗ್ರೀನ್ ಕಾರ್ಡ್ ಕನಸೂ ಅಲ್ಲಿಗೇ ಮುಗಿಯಬಹುದು. ಗ್ರೀನ್ ಕಾರ್ಡ್ ಇರುವವರು, ಪೌರತ್ವ ಪಡೆದವರು ಕೊಳ್ಳಬಹುದು. ಮನೆಯಲ್ಲಿ ಒಬ್ಬರಿಗೆ ಗ್ರೀನ್ ಕಾರ್ಡ್ ಆಗಿ ಇನ್ನೊಬ್ಬರು ಇನ್ನೂ ವೀಸಾದಲ್ಲೇ ಇದ್ದರೆ ಜಾಸ್ತಿ ಹುಷಾರಾಗಿರಬೇಕು. ಸೇಫಿನ ಕೋಡ್ ಯಾರಿಗೆ ಗೊತ್ತಿದೆ ಅನ್ನುವುದೂ ಅಲ್ಲಿ ಕಾನೂನಿನ ಪ್ರಶ್ನೆ ಆಗಬಹುದು.

ಈಗ ಪಿಸ್ತೂಲಿನ ವಿಷಯ. ಅಂಗಡಿಗೆ ಹೋದರೆ ಏನಾಗುತ್ತದೆ ಹೇಳುತ್ತೇನೆ. ಹೊಸಬರು ಅಂತ ಗೊತ್ತಾದ ತಕ್ಷಣ, ಅದರಲ್ಲೂ ಹೆಣ್ಣುಮಕ್ಕಳಾದರೆ, ಗಾಜಿನ ಪೆಟ್ಟಿಗೆಯಿಂದ ಮುದ್ದಾದ ಒಂದು ಪುಟ್ಟ ಪಿಸ್ತೂಲ್ ತೆಗೆದು ಕೈಗೆ ಕೊಡುತ್ತಾರೆ. ರೂಗರ್ ಎಲ್‌ಸಿಪಿ ಥರದ್ದು. 2008ರಲ್ಲಿ ಬಂದ .380 ಗುಂಡಿನ (9 ಎಂಎಂಗಿಂತ ಕಮ್ಮಿ ಶಕ್ತಿಯ ಗುಂಡು) ಪಿಸ್ತೂಲ್ ಅದು. ಖಾಲಿ ಇದ್ದಾಗ ತೂಕ ಸುಮಾರು 270 ಗ್ರಾಂ. ಪ್ಯಾಂಟ್ ಜೇಬಿನಲ್ಲಿ ಹಿಡಿಸುತ್ತದೆ, ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕೌಂಟರಿನ ಮುಂದೆ ನಿಂತಾಗ ಇದೇ ಸರಿ ಅನ್ನಿಸುವುದು ಸಹಜ.

ರೇಂಜಿಗೆ, ಅಂದರೆ ಗುರಿ ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಹೋದಾಗ ಕಥೆ ತಿರುಗುತ್ತದೆ. ಗುಂಡು ಮುಂದಕ್ಕೆ ಹೋಗುವಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಅದೇ ಗುಂಡಿಗೆ ಪಿಸ್ತೂಲು ಹಗುರಾದಷ್ಟೂ ಒದೆತ ಚುರುಕು. ಹಿಡಿ ಎಷ್ಟು ಗಿಡ್ಡ ಅಂದರೆ ಕಿರುಬೆರಳಿಗೆ ಜಾಗವೇ ಇಲ್ಲ, ಎರಡೇ ಬೆರಳಲ್ಲಿ ಹಿಡಿದಂತೆ. ಮುಂದಿನ ಗುರಿಕಣ್ಣಿಗೂ ಹಿಂದಿನದಕ್ಕೂ ಅಂತರ ಕಮ್ಮಿ, ಹಾಗಾಗಿ ಕೈ ಕೂದಲೆಳೆಯಷ್ಟು ಅಲುಗಿದರೂ ಗುಂಡು ಎಲ್ಲೋ ಹೋಗುತ್ತದೆ. ಮೊದಲ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡ ಉರಿಯಲು ಶುರು. ಆಮೇಲೆ ಮನಸ್ಸು ಒದೆತವನ್ನು ಮೊದಲೇ ಕಾಯುತ್ತದೆ, ಟ್ರಿಗರ್ ಎಳೆಯುವ ಗಳಿಗೆಯಲ್ಲಿ ಮಣಿಕಟ್ಟು ಕೆಳಕ್ಕೆ ಜಗ್ಗುತ್ತದೆ. ಬಲಗೈಯವರ ಗುಂಡುಗಳೆಲ್ಲ ಕಾಗದದ ಎಡ ಕೆಳಗಡೆ ಹೋಗಿ ಸೇರುವುದು ಇದಕ್ಕೇ. ನೋವಾದ ಕೈ ಮತ್ತೆ ರೇಂಜಿಗೆ ಹೋಗುವುದಿಲ್ಲ. ಅಭ್ಯಾಸವೇ ಮಾಡದ ಪಿಸ್ತೂಲು ಜೇಬಿನಲ್ಲಿ ಉಳಿಯುತ್ತದೆ. ಅದು ಅಕ್ಕಪಕ್ಕದವರಿಗೂ ಅಪಾಯ. ನೀವು ಗುರಿ ತಪ್ಪಿ ಹೊಡೆದ ಗುಂಡು ಎಲ್ಲಿಗೆ ಹೋದರೂ ಅದರ ಹೊಣೆ ನಿಮ್ಮದೇ ಅಲ್ವಾ?

ಚಿಕ್ಕ ಪಿಸ್ತೂಲು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ಪಳಗಿದವರ ಕೈಯಲ್ಲಿ ಅದು ಕೆಲಸ ಮಾಡುತ್ತದೆ. ಅದು ಪಳಗಿದವರ ಪಿಸ್ತೂಲು, ಕಲಿಯುವವರದ್ದಲ್ಲ. ಅಂಗಡಿಯವರು ಇದನ್ನು ತಲೆಕೆಳಗು ಮಾಡಿ ಮಾರುತ್ತಾರೆ.

ಗುಂಡಿನ ಅಳತೆ ಬಗ್ಗೆ ಜಾಸ್ತಿ ಚರ್ಚೆ ಬೇಡ, 9 ಎಂಎಂ ಸಾಕು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಏಜೆಂಟರೊಬ್ಬರ 9 ಎಂಎಂ ಗುಂಡು ಒಬ್ಬ ದರೋಡೆಕೋರನ ಹೃದಯದ ಹತ್ತಿರ ಬಂದು, ಅದನ್ನು ಮುಟ್ಟದೆ ನಿಂತುಬಿಟ್ಟಿತ್ತು. ಅದಾದ ಮೇಲೆ ಎಫ್‌ಬಿಐ 10 ಎಂಎಂ, .40 ಅಂತ ದೊಡ್ಡ ಗುಂಡುಗಳ ಹಿಂದೆ ಹೋಯಿತು. ಪರೀಕ್ಷೆಗೆ ಮೈಮಾಂಸದ ಬದಲು ಇಡುವ ಜೆಲ್ ಮುದ್ದೆಗೆ ಹೊಡೆದರೆ ಗುಂಡು 12ರಿಂದ 18 ಇಂಚು ಒಳಹೋಗಬೇಕು ಎಂಬ ಅಳತೆಗೋಲನ್ನೂ ಆಗ ಮಾಡಿಕೊಂಡಿತು. ನಂತರದ ವರ್ಷಗಳಲ್ಲಿ 9 ಎಂಎಂ ಗುಂಡಿನ ತಯಾರಿಕೆ ಎಷ್ಟು ಸುಧಾರಿಸಿತು ಅಂದರೆ 2010ರ ದಶಕದ ನಡುವೆ ಅವರೇ 9 ಎಂಎಂಗೆ ವಾಪಸ್ ಬಂದರು. ಒದೆತ ಕಮ್ಮಿ, ಮ್ಯಾಗಜೀನಿನಲ್ಲಿ ಜಾಸ್ತಿ ಗುಂಡು, ಅಭ್ಯಾಸದ ಗುಂಡು ಅಗ್ಗ. ಅಭ್ಯಾಸಕ್ಕೆ ಸಾದಾ ಗುಂಡು, ಒಯ್ಯಲು ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿ ಇರುವ ಗುಂಡು). ಹಾಲೋ ಪಾಯಿಂಟಿನ ತುದಿ ಒಳಗೆ ಅರಳುತ್ತದೆ, ದಾಟಿ ಹೋಗಿ ಹಿಂದಿದ್ದವರಿಗೆ ತಗಲುವ ಸಾಧ್ಯತೆ ಕಮ್ಮಿ. ಅದಕ್ಕೇ ಇಲ್ಲಿನ ಪೊಲೀಸರೂ ಅದನ್ನೇ ಬಳಸುತ್ತಾರೆ.

ಯಾವ ಪಿಸ್ತೂಲು? ಗ್ಲಾಕ್ 19 ಬಂದದ್ದು 1988ರಲ್ಲಿ. ನಾಲ್ಕು ಇಂಚಿನ ಬ್ಯಾರೆಲ್, 15 ಗುಂಡಿನ ಮ್ಯಾಗಜೀನ್, ಖಾಲಿ ತೂಕ 650 ಗ್ರಾಂ ಆಸುಪಾಸು. ನೋಡಲು ಚೆಂದ ಇಲ್ಲ. ಆದರೆ ಗಂಡಸರ ಪೂರ್ತಿ ಕೈ ಕೂರುತ್ತದೆ, ಒದೆತ ಹಿಡಿತದಲ್ಲಿರುತ್ತದೆ, ಹೋಲ್‌ಸ್ಟರು (ಪಿಸ್ತೂಲು ಇಡುವ ಒರೆ) ಎಲ್ಲೆಲ್ಲೂ ಸಿಗುತ್ತದೆ. ನಾನು ಒಯ್ಯುವುದು ಇದನ್ನೇ. ಡಲ್ಲಾಸಿನ ಆಗಸ್ಟ್ ಬಿಸಿಲಲ್ಲಿ ಒಂದೇ ಟೀ ಶರ್ಟಿನಲ್ಲಿ ಇದನ್ನು ಮರೆಮಾಡುವುದು ಕಷ್ಟ, ಅದನ್ನು ಒಪ್ಪುತ್ತೇನೆ. ಸ್ವಲ್ಪ ಸಡಿಲ ಅಂಗಿ ಹಾಕುತ್ತೇನೆ, ಅಷ್ಟೆ.

ಕೈ ಚಿಕ್ಕದಿದ್ದವರಿಗೆ ಇನ್ನೊಂದು ದಾರಿ ಇದೆ. 2018ರಲ್ಲಿ ಸಿಗ್ ಸಾವರ್ ಕಂಪನಿಯ ಪಿ365 ಬಂತು. ಅದಕ್ಕೂ ಮೊದಲು ಅಷ್ಟು ತೆಳ್ಳಗಿನ ಪಿಸ್ತೂಲಿನಲ್ಲಿ ಆರೇಳು ಗುಂಡು ಹಿಡಿಸುತ್ತಿತ್ತು, ಇವರು ಅದೇ ಅಳತೆಯಲ್ಲಿ 10 ಹಿಡಿಸಿದರು. ಮರುವರ್ಷ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್, 2021ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಶೀಲ್ಡ್ ಪ್ಲಸ್ ಅದೇ ಹಾದಿ ಹಿಡಿದವು. ನನ್ನ ಹೆಂಡತಿ ರೇಂಜಿನಲ್ಲಿ ಇವನ್ನೆಲ್ಲ ಬಾಡಿಗೆಗೆ ತೆಗೆದುಕೊಂಡು ಹೊಡೆದು ನೋಡಿ, ಪಿ365 ಎಕ್ಸ್‌ಎಲ್ ಆರಿಸಿಕೊಂಡಳು. ಹಿಡಿ ಸ್ವಲ್ಪ ಉದ್ದ, 12 ಗುಂಡು, ಕಿರುಬೆರಳೂ ಕೂರುತ್ತದೆ. ಅವಳ ಕೈಗೆ ಗ್ಲಾಕ್ 19 ದಪ್ಪ ಅನ್ನಿಸಿತು. ಗಂಡ ಆರಿಸಿ ತಂದುಕೊಟ್ಟ ಪಿಸ್ತೂಲನ್ನು ಹೆಂಡತಿ ಒಯ್ಯಬೇಕು ಅನ್ನುವುದು ನಮ್ಮವರಲ್ಲಿ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಯಾರ ಕೈಯೋ ಅವರದೇ ಆಯ್ಕೆ.

ಮಣಿಕಟ್ಟು ನೋವಿರುವವರು, ವಯಸ್ಸಾದವರು ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆ ಎಳೆಯಲಾಗದೆ ಸೋಲುತ್ತಾರೆ. ಚಿಕ್ಕ ಪಿಸ್ತೂಲುಗಳ ಸ್ಪ್ರಿಂಗ್ ಸಾಮಾನ್ಯವಾಗಿ ಇನ್ನೂ ಬಿಗಿ. ಅಂಥವರಿಗಾಗಿಯೇ ಸ್ಮಿತ್ ಅಂಡ್ ವೆಸ್ಸನ್‌ನವರ ಶೀಲ್ಡ್ ಈಜ಼ೀ ಇದೆ, ಒಮ್ಮೆ ಎಳೆದು ನೋಡಿ. "ರಿವಾಲ್ವರ್ ಸುಲಭ ಅಲ್ವಾ?" ಅಂತಲೂ ಕೇಳುತ್ತಾರೆ. ಚಿಕ್ಕ ಐದು ಗುಂಡಿನ ರಿವಾಲ್ವರ್ ಅರ್ಥ ಮಾಡಿಕೊಳ್ಳಲು ಸುಲಭ, ಗುರಿಯಿಟ್ಟು ಹೊಡೆಯಲು ಬಹಳ ಕಷ್ಟ. ಟ್ರಿಗರ್ ಉದ್ದ, ಭಾರ. ಹೊಸಬರಿಗೆ ನಾನು ಹೇಳುವುದಿಲ್ಲ.

ಗ್ಲಾಕಿನಂಥವಕ್ಕೆ ಹೆಬ್ಬೆರಳಿನಿಂದ ಹಾಕುವ ಸೇಫ್ಟಿ ಇರುವುದಿಲ್ಲ. ಟ್ರಿಗರ್ ಪೂರ್ತಿ ಎಳೆದರೆ ಗುಂಡು ಹಾರುತ್ತದೆ, ಅಷ್ಟೆ. ಆದ್ದರಿಂದ ಹೋಲ್‌ಸ್ಟರು ಪಿಸ್ತೂಲಿನಷ್ಟೇ ಮುಖ್ಯ. ಟ್ರಿಗರನ್ನು ಪೂರ್ತಿ ಮುಚ್ಚುವ, ಆ ಮಾದರಿಗೆಂದೇ ಅಚ್ಚು ಹಾಕಿದ ಗಟ್ಟಿ ಕೈಡೆಕ್ಸ್ (ಒಂದು ಬಗೆಯ ಪ್ಲಾಸ್ಟಿಕ್) ಹೋಲ್‌ಸ್ಟರು ಬೇಕು. ಎಲ್ಲಕ್ಕೂ ಹಿಡಿಸುವ ಬಟ್ಟೆಯ ಚೀಲ ಬೇಡ. ಬೆಲ್ಟ್ ಗಟ್ಟಿ ಇರಲಿ. ಪಿಸ್ತೂಲು ವಾಪಸ್ ಇಡುವಾಗ ನಿಧಾನ, ಅಂಗಿಯ ತುದಿ ಒಳಗೆ ಸಿಕ್ಕಿಲ್ಲವೇ ಅಂತ ಕಣ್ಣಲ್ಲಿ ನೋಡಿ ಇಡಬೇಕು. ಚೇಂಬರಿನಲ್ಲಿ, ಅಂದರೆ ಟ್ರಿಗರ್ ಎಳೆದೊಡನೆ ಹಾರುವ ಜಾಗದಲ್ಲಿ, ಗುಂಡಿಟ್ಟು ಓಡಾಡಲು ಭಯ ಅನ್ನುವವರಿಗೆ ನನ್ನ ಉತ್ತರ: ಆ ಭಯ ಸರಿಯಾದದ್ದೇ. ಒಳ್ಳೆಯ ಗುರುವಿನ ಹತ್ತಿರ ಕಲಿಯಿರಿ. ಕೈಗೆ ರೂಢಿ ಆಗುವವರೆಗೂ ಹೊರಗೆ ಒಯ್ಯಬೇಡಿ.

ಸೀರೆ, ಚೂಡಿದಾರ್ ಉಡುವವರಿಗೆ ಬೆಲ್ಟಿನ ದಾರಿ ಇಲ್ಲ, ಹಾಗಾಗಿ ಹ್ಯಾಂಡ್‌ಬ್ಯಾಗ್ ನೆನಪಾಗುತ್ತದೆ. ಹ್ಯಾಂಡ್‌ಬ್ಯಾಗ್ ಬೇಡ. 2014ರ ಡಿಸೆಂಬರ್‌ನಲ್ಲಿ ಐಡಾಹೊ ರಾಜ್ಯದ ಒಂದು ವಾಲ್‌ಮಾರ್ಟ್‌ನಲ್ಲಿ ಎರಡು ವರ್ಷದ ಮಗು ಶಾಪಿಂಗ್ ಕಾರ್ಟಿನಲ್ಲಿ ಕೂತು ತಾಯಿಯ ಬ್ಯಾಗಿನ ಜಿಪ್ ತೆಗೆದು ಪಿಸ್ತೂಲು ಹಿಡಿಯಿತು. ತಾಯಿ ಅಲ್ಲೇ ತೀರಿಕೊಂಡಳು. ಆಕೆ ಬಂದೂಕು ಬಳಕೆ ಗೊತ್ತಿಲ್ಲದವಳಲ್ಲ. ಆ ಬ್ಯಾಗ್ ಕೂಡ ಪಿಸ್ತೂಲಿಗೆಂದೇ ಮಾಡಿದ್ದು. ಪಿಸ್ತೂಲು ಮೈಮೇಲೆ ಇರಬೇಕು, ಇಲ್ಲವೇ ಬೀಗದೊಳಗೆ ಇರಬೇಕು. ಗಟ್ಟಿ ಹೋಲ್‌ಸ್ಟರಿರುವ ಹೊಟ್ಟೆಪಟ್ಟಿ ಕುರ್ತಾದ ಕೆಳಗೆ ಚೆನ್ನಾಗಿ ಕೂರುತ್ತದೆ. ಅದೂ ಆಗದ ಉಡುಪಿನ ದಿನ ಪಿಸ್ತೂಲು ಮನೆಯಲ್ಲೇ ಇರಲಿ.

ಮನೆಯಲ್ಲಿ ಅಂದರೆ ಸೇಫಿನಲ್ಲಿ. ಬೀರುವಿನ ಸೀರೆಗಳ ಕೆಳಗಲ್ಲ, ದಿಂಬಿನ ಕೆಳಗಲ್ಲ. ಬೆರಳಚ್ಚು ಅಥವಾ ಬಟನ್ ಕೋಡಿನ ಚಿಕ್ಕ ಸೇಫನ್ನು ಗೋಡೆಗೋ ಮಂಚಕ್ಕೋ ಬೋಲ್ಟ್ ಹಾಕಿ ಕೂರಿಸಿ. ಟೆಕ್ಸಾಸ್‌ನಲ್ಲಿ 17ಕ್ಕಿಂತ ಚಿಕ್ಕ ಮಕ್ಕಳ ಕೈಗೆ ಸಿಗುವಂತೆ ಗುಂಡು ತುಂಬಿದ ಬಂದೂಕು ಬಿಟ್ಟರೆ ಅದೂ ಅಪರಾಧ. ನನ್ನ ಆತಂಕ ಮಕ್ಕಳ ಬಗ್ಗೆ ಮಾತ್ರ ಅಲ್ಲ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ 48,830 ಜನ ಸತ್ತರು. ಅವರಲ್ಲಿ 26,328 ಆತ್ಮಹತ್ಯೆ. ಅರ್ಧಕ್ಕಿಂತ ಜಾಸ್ತಿ. ಪಿಸ್ತೂಲ್ ಕೊಳ್ಳುವಾಗ ಎಲ್ಲರೂ ಹೊರಗಿನ ಕಳ್ಳನನ್ನು ನೆನೆಯುತ್ತಾರೆ. ಮನೆಯೊಳಗೆ ಕೆಲಸ ಹೋಗಿ ಕುಗ್ಗಿದ ಗಂಡ, ಹೆರಿಗೆಯ ನಂತರ ಮಂಕಾದ ಹೆಂಡತಿ, ಕಾಲೇಜಿನ ಒತ್ತಡದಲ್ಲಿರುವ ಮಗ ಇರಬಹುದು ಅಂತ ಯಾರೂ ನೆನೆಯುವುದಿಲ್ಲ. ಲೇಆಫ್‌ನ ಈ ಕಾಲದಲ್ಲಿ ಇದನ್ನು ಜೋರಾಗಿ ಹೇಳಬೇಕು. ಮನೆಯಲ್ಲಿ ಯಾರ ಮನಸ್ಸು ಸರಿಯಿಲ್ಲ ಅನ್ನಿಸಿದರೂ ಪಿಸ್ತೂಲನ್ನು ಕೆಲವು ಕಾಲ ಮನೆಯಿಂದ ಆಚೆ ಇಡಿಸಿ. ಮಾತಾಡಬೇಕು ಅನ್ನಿಸಿದರೆ 988 ಸಹಾಯವಾಣಿಗೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ.

ಕಾನೂನು ಸ್ವಲ್ಪ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಅರ್ಹತೆ ಇರುವವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಆದರೂ ಲೈಸೆನ್ಸ್ ಮಾಡಿಸಿ ಅಂತಲೇ ನನ್ನ ಸಲಹೆ. ಕ್ಲಾಸಿನಲ್ಲಿ ಕೂತು ಕಾನೂನು ಕೇಳುತ್ತೀರಿ, ಗುರಿ ಹೊಡೆದು ತೋರಿಸುತ್ತೀರಿ. ಇನ್ನೊಂದು ಕಾರಣವೂ ಇದೆ. ಶಾಲೆಯ ಸುತ್ತ ಸಾವಿರ ಅಡಿಯೊಳಗೆ ಬಂದೂಕು ಒಯ್ಯಬಾರದು ಎಂಬ ಫೆಡರಲ್ ಕಾನೂನಿನಿಂದ ವಿನಾಯಿತಿ ಇರುವುದು ರಾಜ್ಯದ ಲೈಸೆನ್ಸ್ ಇದ್ದವರಿಗೆ. ಅಂದಮಾತ್ರಕ್ಕೆ ಶಾಲೆಯ ಕಟ್ಟಡದೊಳಗೆ ಒಯ್ಯಬಹುದು ಅಂತಲ್ಲ. ನಮ್ಮ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳು ಎಷ್ಟೋ ಸಲ ಹೈಸ್ಕೂಲ್ ಆಡಿಟೋರಿಯಂನಲ್ಲೇ ನಡೆಯುತ್ತವೆ. ಭಾನುವಾರ, ಶಾಲೆಗೆ ರಜೆ ಅಂತ ವಾದ ಮಾಡಬೇಡಿ, ಒಳಗೆ ಒಯ್ಯಬೇಡಿ. ಬಾರಿನ ಬಾಗಿಲಲ್ಲಿ ಕೆಂಪು 51 ಶೇಕಡಾ ಬೋರ್ಡ್ (ಅರ್ಧಕ್ಕಿಂತ ಜಾಸ್ತಿ ಆದಾಯ ಮದ್ಯದಿಂದಲೇ ಬರುವ ಜಾಗ ಅನ್ನುವ ಗುರುತು) ಇದ್ದರೂ ಅಷ್ಟೇ, ಒಳಗೆ ಒಯ್ಯಬೇಡಿ. ಎರಡು ಬಿಯರ್ ಕುಡಿಯುವ ಯೋಚನೆ ಇದ್ದ ದಿನ ಪಿಸ್ತೂಲು ಸೇಫಿನಿಂದ ಹೊರಗೇ ಬರಬಾರದು.

ಕೊಂಡ ಮೇಲೆ ಮೊದಲು ಇನ್ನೂರು ಸಾದಾ ಗುಂಡು, ಆಮೇಲೆ ನೀವು ಒಯ್ಯುವ ಹಾಲೋ ಪಾಯಿಂಟಿನದೇ ಒಂದು ಐವತ್ತು ಹೊಡೆದು ನೋಡಿ. ಎಲ್ಲೂ ಸಿಕ್ಕಿಹಾಕಿಕೊಳ್ಳದೆ ನಡೆದರೆ ಮಾತ್ರ ಸೊಂಟಕ್ಕೆ. ಬಜೆಟ್ ಹಾಕುವಾಗ ಪಿಸ್ತೂಲಿನ ಬೆಲೆ ಮಾತ್ರ ನೋಡಬೇಡಿ. ಹೋಲ್‌ಸ್ಟರು, ಬೆಲ್ಟ್, ಸೇಫ್, ಕ್ಲಾಸು, ಗುಂಡು ಎಲ್ಲ ಸೇರಿಸಿ ಲೆಕ್ಕ ಹಾಕಿ. ದುಡ್ಡು ಸಾಲದಿದ್ದರೆ ಪಿಸ್ತೂಲಿನಲ್ಲಿ ಉಳಿಸಿ, ಹಳೆಯ ಪೊಲೀಸ್ ಗ್ಲಾಕ್ ಅಗ್ಗಕ್ಕೆ ಸಿಗುತ್ತದೆ. ಕ್ಲಾಸಿನಲ್ಲಿ ಉಳಿಸಬೇಡಿ.

ಊರಿಗೆ ಹೋಗುವ ಮುಂಚಿನ ವಿಷಯ ಬಾಕಿ ಇದೆ. ರೇಂಜಿಗೆ ಒಯ್ಯುವ ಚೀಲವನ್ನೇ ಬೆಂಗಳೂರಿಗೆ ಒಯ್ಯಬೇಡಿ. ಮೂಲೆಯಲ್ಲಿ ಮರೆತುಹೋದ ಒಂದು ಗುಂಡು ಸಿಕ್ಕರೂ ಭಾರತದ ಏರ್‌ಪೋರ್ಟಿನಲ್ಲಿ ಆರ್ಮ್ಸ್ ಆಕ್ಟ್ ಕೇಸು ಬೀಳಬಹುದು. ಗೊತ್ತಿಲ್ಲದೆ ಉಳಿದದ್ದು ಅಂತ ಕೋರ್ಟಿನಲ್ಲಿ ಸಾಬೀತು ಮಾಡಿ ಬಿಡಿಸಿಕೊಂಡವರಿದ್ದಾರೆ. ಆದರೆ ಅಷ್ಟರಲ್ಲಿ ರಜೆಯೂ ಹೋಗಿರುತ್ತದೆ, ನೆಮ್ಮದಿಯೂ ಹೋಗಿರುತ್ತದೆ. ರೇಂಜಿಗೆ ಬೇರೆಯದೇ ಚೀಲ ಇರಲಿ, ಅದು ಕಾರಿನ ಡಿಕ್ಕಿ ಬಿಟ್ಟು ಎಲ್ಲಿಗೂ ಹೋಗದಿರಲಿ.

ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವ, ಡಲ್ಲಾಸ್ ಕಡೆಯ ಯಾರಾದರೂ ಕೊಳ್ಳುವ ಮೊದಲು ಹೊಡೆದು ನೋಡಬೇಕು ಅಂದರೆ ಮೆಸೇಜ್ ಮಾಡಿ. ಶನಿವಾರ ಬೆಳಗ್ಗೆ ರೇಂಜಿನಲ್ಲಿ ಜನ ಕಮ್ಮಿ ಇರುತ್ತಾರೆ. ಕಿವಿಗೆ ಹಾಕುವುದು, ಕಣ್ಣಿಗೆ ಹಾಕುವುದು ನನ್ನ ಹತ್ತಿರ ಜಾಸ್ತಿ ಇವೆ.