ಸೇರಿನಲ್ಲಿ ಅಳೆದ ಅಭಿವೃದ್ಧಿ

ದಾವಣಗೆರೆಯ ಹಳೇ ಅಂಗಡಿಗಳಲ್ಲಿ ಮಂಡಕ್ಕಿಯನ್ನು ತೂಗೋದಿಲ್ಲ, ಸೇರಿನಲ್ಲಿ ಅಳೀತಾರೆ. ತೂಗಿದರೆ ಗುಟ್ಟು ರಟ್ಟಾಗುತ್ತೆ. ಕಾದ ಮರಳಿಗೆ ಬಿದ್ದ ಹಿಡಿ ಅಕ್ಕಿ ಚಟಪಟ ಅರಳಿ ಮೊರ ತುಂಬುತ್ತೆ. ಭಾರ ಮಾತ್ರ ಮೊದಲಿನಷ್ಟೇ, ನೀರಾರಿದ್ದಕ್ಕೆ ಗುಲಗಂಜಿಯಷ್ಟು ಕಮ್ಮಿಯೇ. ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆ, ಅಳೆಯೋ ಪಂಡಿತರು ಈ ವಿದ್ಯೆ ಕಲಿತದ್ದು ನಮ್ಮ ಭಟ್ಟಿಗಳಲ್ಲೇ ಅಂತ ನನಗೆ ಬಲವಾದ ಗುಮಾನಿ.

ನೋಡಿ, ಭಟ್ಟಿಗೆ ಹಳೇ ಟೈರ್ ಹಾಕಿ ಉರಿಸಿದರೆ, ಆ ಟೈರ್ ಮಾರಿದವನ ಲಾಭ ಜಿಡಿಪಿಗೆ. ಹೊಗೆ ಕುಡಿದವನಿಗೆ ಕೆಮ್ಮು ಹತ್ತಿದರೆ ಡಾಕ್ಟರ ಫೀಜು, ಎಕ್ಸ್‌ರೇ, ಸಿರಪ್ಪು ಎಲ್ಲಾ ಜಿಡಿಪಿಗೆ. (ಊರಲ್ಲಿ ಎರಡೆರಡು ಮೆಡಿಕಲ್ ಕಾಲೇಜಿವೆ, ಕೆಮ್ಮಿಗೆ ಬರ ಬರಬಾರದಲ್ಲ.) ಅದೇ ಅವನ ಹೆಂಡತಿ ಶುಂಠಿ ಕಷಾಯ ಕಾಯಿಸಿ, ರಾತ್ರಿಯಿಡೀ ಎದೆ ನೀವಿ ವಾಸಿ ಮಾಡಿದಳೋ, ಸೊನ್ನೆ! ದೇಶದ್ರೋಹ ಅನ್ನದಿದ್ದರೆ ಅವಳ ಪುಣ್ಯ. ಅಮೆರಿಕಕ್ಕೆ ರಾಷ್ಟ್ರೀಯ ಆದಾಯದ ಲೆಕ್ಕ ಹಾಕಿಕೊಟ್ಟ ಸೈಮನ್ ಕುಜ್ನೆಟ್ಸ್, ಇದರಿಂದ ಜನರ ಕ್ಷೇಮ ಅಳೆಯಲಾಗದು ಅಂತ 1934ರಲ್ಲೇ ಎಚ್ಚರಿಸಿದ್ದ. ಸೇರು ಮಾಡಿಕೊಟ್ಟವನೇ ಬೇಡ ಅಂದರೂ ಕೇಳೋರ್ಯಾರು?

2022ರಲ್ಲಿ ಬ್ರಿಟನ್ನನ್ನು ಹಿಂದೆ ಹಾಕಿ ಐದನೇ ದೊಡ್ಡ ಆರ್ಥಿಕತೆ ಆದೆವು ಅಂತ ಸುದ್ದಿ ಬಂತು. ನಮ್ಮೂರಿಗಂತೂ ಡಬಲ್ ಖುಷಿ, ‘ಕರ್ನಾಟಕದ ಮ್ಯಾಂಚೆಸ್ಟರ್’ ಅಸಲಿ ಮ್ಯಾಂಚೆಸ್ಟರನ್ನೇ ಮಣಿಸಿತಲ್ಲ! ಹತ್ತಿ ಗಿರಣಿಗಳ ಸೈರನ್ ನಿಂತು ಎಷ್ಟೋ ಕಾಲವಾಯಿತು, ಬಿರುದು ಮಾತ್ರ ಇವತ್ತಿಗೂ ಮೂರು ಪಾಳಿ ದುಡೀತಿದೆ. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಗೂ ಸೇರಿದೆವು. ಒಂದಿದ್ದಲ್ಲಿ ಎರಡು ಬಿರುದು.

ಹೀಗೆ ಅರಳಿದ ದೇಶದಲ್ಲೇ 80 ಕೋಟಿ ಜನಕ್ಕೆ ಪುಕ್ಕಟೆ ಧಾನ್ಯ ಕೊಡಬೇಕಾಗಿದೆ. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ, 193 ದೇಶಗಳ ಪೈಕಿ ನಮ್ಮದು 130ನೇ ಸ್ಥಾನ. ಅದು ಆಯುಸ್ಸು, ಓದನ್ನೂ ಹಾಕಿ ತೂಗೋ ತಕ್ಕಡಿ. ತಕ್ಕಡಿಯನ್ನು ಯಾರೂ ವೇದಿಕೆಗೆ ಒಯ್ಯೋದಿಲ್ಲ.

ಮೊನ್ನೆ ಮಂಡಕ್ಕಿ ಅಂಗಡೀಲಿ ನಿಂತು, “ಯಜಮಾನ್ರೇ, ದೇಶ 5 ಟ್ರಿಲಿಯನ್ ಡಾಲರ್ ಆಗತೈತಂತೆ” ಅಂದೆ.

“ಆಗ್ಲಿ ಬಿಡ್ರಿ. ನಿಮಗೆಷ್ಟು ಸೇರು?”

“ಎರಡು ಹಾಕ್ರಿ.”

ಗೋಪುರ ಏಳೋಹಂಗೆ ಅಳೆದು, ಚೀಲಕ್ಕೆ ಸುರಿದರು. ಹೆಬ್ಬೆರಳು ಸೇರಿನ ಒಳಗಿತ್ತು.