ಹಿಂದ್ಗಡೆ ಏನೂ ಬರ್ತಿಲ್ವಲ್ಲೋ

ಹಾಸನದಲ್ಲಿ ನಮ್ಮನೆ ಮುಂದಿನ ರೂಮು ಹತ್ತಡಿಗೆ ಹನ್ನೆರಡಡಿ. ಟೇಪ್ ಹಿಡಿದು ಅಳೆದಿದ್ದಲ್ಲ, ಟೈಲ್ಸ್ ಎಣಿಸಿದ್ದು, ಎರಡಡಿ ಟೈಲು ಅಡ್ಡಕ್ಕೆ ಐದು ಉದ್ದಕ್ಕೆ ಆರು. ಅಷ್ಟರಲ್ಲೇ ಒಂದು ದಿವಾನ, ಅಪ್ಪನ ಬೆತ್ತದ ಕುರ್ಚಿ, ಎರಡು ಪ್ಲಾಸ್ಟಿಕ್ ಚೇರು, ಅಮ್ಮನ ಸ್ಟೀಲ್ ಪಾತ್ರೆ ಜೋಡಿಸಿಟ್ಟ ಶೋಕೇಸು, 43 ಇಂಚಿನ ಟಿವಿ. ಇದನ್ನ ಹೋಂ ಥಿಯೇಟರ್ ಮಾಡ್ಬೇಕು ಅಂತ ಹುಚ್ಚು ಹಿಡಿದಿದ್ದು ಬೆಂಗ್ಳೂರಿನ ಫ್ರೆಂಡ್ ಮನೇಲಿ, ಏನೋ ಸಿನಿಮಾ ಹಾಕಿದ್ದ, ಹೆಲಿಕಾಪ್ಟರೊಂದು ನನ್ನ ಬೆನ್ನ ಹಿಂದಿಂದ ಬಂದು ತಲೆ ಮೇಲೆ ಹಾದು ಮುಂದಕ್ಕೆ ಹೋಯ್ತು, ನಾನು ಗಾಬರಿಯಾಗಿ ಬಗ್ಗಿದೆ, ತಟ್ಟೇಲಿದ್ದ ಚಟ್ನಿಯೆಲ್ಲ ಅವನ ಸೋಫಾ ಮೇಲೆ. ಅವ್ನ ಹೆಂಡ್ತಿ ಮುಖ ನೋಡ್ದಾಗ್ಲೇ ಗೊತ್ತಾಯ್ತು, ಇನ್ಮೇಲೆ ಸಿನಿಮಾ ನೋಡ್ಬೇಕಂದ್ರೆ ನಮ್ಮನೇಲೇ ನೋಡ್ಬೇಕು.

ಬಜೆಟ್ 15 ಸಾವಿರ. ವಾಷಿಂಗ್ ಮಷೀನ್ ಮುಂದಿನ ವರ್ಷಕ್ಕೆ ಹೋಯ್ತು, ಹೆಂಡ್ತಿ ಏನೂ ಅನ್ಲಿಲ್ಲ, ಆ ಏನೂ ಅನ್ನದೇ ಇರೋದ್ರಲ್ಲೇ ಎಲ್ಲಾ ಇತ್ತು.

ಬಿ.ಎಂ. ರೋಡಲ್ಲಿ ಮೊದಲು ಹೊಕ್ಕ ಅಂಗಡೀಲಿ ಒಂದು ಡಬ್ಬದ ಮೇಲೆ 20,000 ವ್ಯಾಟ್ ಪಿಎಂಪಿಒ ಅಂತ ಬೆಂಕಿ ಚಿತ್ರದ ಜೊತೆ ಬರೆದಿತ್ತು. ಒಂದು ಎಚ್‌ಪಿ ಅಂದ್ರೆ 746 ವ್ಯಾಟ್, ಅಂದ್ರೆ ಇದು ಇಪ್ಪತ್ತಾರು ಚಿಲ್ರೆ ಎಚ್‌ಪಿ ಆಯ್ತು, ಊರಲ್ಲಿ ನಮ್ಮ ಚಿಕ್ಕಪ್ಪನ ತೋಟದ ಬೋರ್ ಮೋಟ್ರೇ ಐದು ಎಚ್‌ಪಿ. ಇದು ನಿಜ ಆಗಿದ್ರೆ ಸ್ವಿಚ್ ಹಾಕಿದ ತಕ್ಷಣ ಕೆಇಬಿಯವ್ರು ಮನೆ ಮುಂದೆ ನಿಂತಿರೋರು. ಹಂಗಂತ ಕೇಳಿದ್ರೆ ಅಂಗಡಿ ಹುಡ್ಗ ನಕ್ಕು ‘ಅಣ್ಣ ಅದು ಪಿಎಂಪಿಒ’ ಅಂದ, ಪಿಎಂಪಿಒ ಅನ್ನೋದು ಕೆಲಸದ ಹೆಸರೇನೋ ಅನ್ನೋ ಥರ. ಪಿಎಂಪಿಒಗೆ ಒಂದು ಕಟ್ಟುನಿಟ್ಟಿನ ಅಳತೇನೇ ಇಲ್ಲ, ಕಣ್ಣು ಮಿಟುಕಿಸೋಷ್ಟು ಹೊತ್ತಿನ ಲೆಕ್ಕ ಅದು, ಮದುವೆ ಮಾತುಕತೇಲಿ ಹುಡುಗನ ಕಡೆಯವ್ರು ಹೇಳೋ ಸಂಬಳದಂಗೆ. ನೋಡ್ಬೇಕಾಗಿದ್ದು ಆರ್‌ಎಂಎಸ್ ವ್ಯಾಟು, ಅಂದ್ರೆ ಒಂದೇ ಸಮನೆ ಕೊಡೋ ಪವರು, ನಮ್ಮ ಗೂಡಿಗೆ ಅದೂ ಜಾಸ್ತಿ ಏನ್ ಬೇಕಾಗಿಲ್ಲ.

ಎರಡನೇ ಅಂಗಡೀಲಿ ವೈರ್‌ಲೆಸ್ ತೋರ್ಸಿದ್ರು. ಹಿಂದಿನ ಸ್ಪೀಕರಿಗೆ ವೈರೇ ಬೇಡ ಸಾರ್ ಅಂದ್ರು, ನಂಗೆ ಕುಣಿಯೋಷ್ಟು ಖುಷಿ, ಆಮೇಲೆ ತಿರುಗ್ಸಿ ನೋಡಿದ್ರೆ ಕರೆಂಟಿನ ವೈರು ನೇತಾಡ್ತಿದೆ. ಸೌಂಡ್ ಗಾಳೀಲಿ ಬರುತ್ತೆ, ಕರೆಂಟ್ ಗಾಳೀಲಿ ಬರಲ್ವಲ್ಲ. ರೇಟು ಬೇರೆ ನನ್ನ ಬಜೆಟ್ಟಿನ ಎರಡರಷ್ಟು. ಕೊನೆಗೆ ವೈರ್ ಇರೋದನ್ನೇ ತಗೊಂಡೆ, 5.1, ಟಿವಿ ಕೆಳಗೆ ಇಡೋ ಉದ್ದದ ಸೌಂಡ್‌ಬಾರಲ್ಲಿ ಎಡ ಬಲ ಮಧ್ಯ ಅಂತ ಮೂರು, ಹಿಂದಕ್ಕೆ ಎರಡು, ಆ ಪಾಯಿಂಟ್ ಒಂದು ಅನ್ನೋದು ಸಬ್‌ವೂಫರ್, ಧಂ ಧಂ ಅನ್ನೋ ಬೇಸಿನ ಡಬ್ಬ. ಪಾಯಿಂಟ್ ಒಂದೇ ಎಲ್ಲಕ್ಕಿಂತ ದೊಡ್ಡದು, ಮೂರು ಸೇರಿನ ಅಕ್ಕಿ ಡಬ್ಬದಷ್ಟಿತ್ತು.

ಸಬ್‌ವೂಫರ್ ಎಲ್ಲಿ ಬೇಕಾದ್ರೂ ಇಡ್ಬೋದು, 80 ಹರ್ಟ್ಜ್‌ಗಿಂತ ಕೆಳಗಿನ ಸೌಂಡು ಯಾವ ಕಡೆಯಿಂದ ಬರ್ತಿದೆ ಅಂತ ಕಿವಿಗೆ ಗೊತ್ತಾಗಲ್ಲ, ಅಂತ ಓದಿದ್ದೆ. ಅದನ್ನ ನಂಬ್ಕೊಂಡು ಶೋಕೇಸ್ ಪಕ್ಕದ ಮೂಲೇಲಿಟ್ಟೆ. ಮೂಲೇಲಿ ಬೇಸು ಇನ್ನೂ ಉಬ್ಬುತ್ತೆ, ಹೀರೋ ಎಂಟ್ರಿ ಕೊಟ್ಟಾಗಲೆಲ್ಲ ಒಳಗಿದ್ದ ಚೊಂಬು, ಲೋಟ, ಅಮ್ಮನ ಮದುವೆಗೆ ಬಂದ ಪನ್ನೀರುದಾನಿ ಎಲ್ಲಾ ಒಟ್ಟಿಗೆ ಗಲಗಲ. ಇದಕ್ಕೊಂದು ಉಪಾಯ ಇದೆ, ತಮಾಷೆಯಲ್ಲ ತಿಳಿದೋರೇ ಹೇಳೋದು, ನೀವು ಕೂರೋ ಜಾಗದಲ್ಲಿ ಸಬ್‌ವೂಫರ್ ಇಟ್ಟು ಬೇಸ್ ಇರೋ ಹಾಡು ಹಾಕಿ, ನೀವು ಗೋಡೆ ಉದ್ದಕ್ಕೂ ಅಂಬೆಗಾಲಿಟ್ಕೊಂಡು ಹೋಗ್ಬೇಕು, ಎಲ್ಲಿ ಬೇಸು ಹದವಾಗಿ ಕೇಳುತ್ತೋ ಅದೇ ಅದರ ಜಾಗ. ಸರಿ, ಅಪ್ಪನ ಕುರ್ಚಿ ಮೇಲೆ ಸಬ್‌ವೂಫರ್ ಕೂರ್ಸಿ, ಲುಂಗಿ ಎತ್ತಿ ಕಟ್ಟಿ, ಕಿವಿ ನೆಲಕ್ಕೆ ಹತ್ರ ಇಟ್ಕೊಂಡು ಹೊರಟೆ. ದಿವಾನದ ಹತ್ರ ಬರೋ ಹೊತ್ತಿಗೆ ಪಕ್ಕದ ಮನೆ ಆಂಟಿ ಹೆಪ್ಪಿಗೆ ಮೊಸರು ಕೇಳ್ಕೊಂಡು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದಾರೆ.

‘ಏನ್ ಬಿದ್ದೋಯ್ತಪ್ಪಾ? ಓಲೆ ತಿರುಪಾ?’

ನಾನು ಏನಾದ್ರೂ ಹೇಳೋಕ್ ಮುಂಚೆ ಬಟ್ಟಲು ಕೆಳಗಿಟ್ಟು ಅವರೂ ಬಗ್ಗಿದ್ರು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ದಿವಾನದ ಕೆಳಗೆ ಕೈಯಾಡ್ಸಿ ಒಂದು ಪೆನ್ನಿನ ಕ್ಯಾಪು, ಎರಡು ರೂಪಾಯಿ ನಾಣ್ಯ, ಕಳೆದ ಯುಗಾದೀಲಿ ಕಳೆದೋಗಿದ್ದ ಅಮ್ಮನ ಕನ್ನಡಕದ ಡಬ್ಬಿ ಎಲ್ಲಾ ತೆಗೆದ್ರು. ಅಷ್ಟರಲ್ಲಿ ವಾಕಿಂಗ್ ಮುಗ್ಸಿ ಅಪ್ಪ ಬಂದ್ರು. ಅವರ ಕುರ್ಚೀಲಿ ಕರಿ ಡಬ್ಬ ಒಂದು ಧಂ ಧಂ ಅಂತ ಕೂತಿದೆ, ಮಗ ಮತ್ತು ಪಕ್ಕದ ಮನೆಯವ್ರು ನೆಲದ ಮೇಲೆ. ಚಪ್ಪಲಿ ಬಿಡದೇ ಹಂಗೇ ಹೊರಗೆ ಹೋದ್ರು. ಅಂದ್ಹಾಗೆ ಬೇಸು ಎಲ್ಲಕ್ಕಿಂತ ಚೆನ್ನಾಗಿ ಕೇಳಿದ್ದು ಬಾಗಿಲ ಮಧ್ಯದಲ್ಲಿ. ಅಲ್ಲಿಟ್ರೆ ಮನೆಯವ್ರೆಲ್ಲ ಅದನ್ನ ದಾಟ್ಕೊಂಡು ಓಡಾಡ್ಬೇಕು, ಹಂಗಾಗಿ ದಿವಾನದ ತುದಿಗೆ ತಳ್ಳಿದೆ.

ಈ ಸರೌಂಡ್ ಸೌಂಡಿನ ದೊಡ್ಡ ಗುಟ್ಟು ಏನಂದ್ರೆ, ಎಷ್ಟೇ ದುಡ್ಡು ಕೊಡಿ, ಅದು ಸರಿಯಾಗಿ ಕೇಳೋದು ಒಂದು ಸೀಟಿಗೆ. ಮುಂದಿನವು ಎರಡೂ ಸಮ ದೂರ, ಹಿಂದಿನವು ಕಿವಿ ಅಕ್ಕಪಕ್ಕ ಸ್ವಲ್ಪ ಹಿಂದಕ್ಕೆ ಸ್ವಲ್ಪ ಮೇಲಕ್ಕೆ, ಅಂಥ ಜಾಗ ನಮ್ಮ ರೂಮಲ್ಲಿ ಒಂದೇ ಒಂದು, ಅದು ಅಪ್ಪನ ಕುರ್ಚಿ. ಅಪ್ಪ ಬಸ್ ಡ್ರೈವರ್ ಆಗಿದ್ದೋರು, ಶಿರಾಡಿ ಘಾಟಿ ಹತ್ತಿ ಇಳಿದು ಸರ್ವೀಸ್ ಮುಗ್ಸಿದ್ದು, ಹಳೇ ಬಸ್ಸಲ್ಲಿ ಎಂಜಿನ್ ಡ್ರೈವರ್ ಎಡಗೈ ಪಕ್ಕದಲ್ಲೇ ಇರ್ತಿತ್ತಲ್ಲ, ಹಂಗಾಗಿ ಎಡಗಿವಿ ಅದರ ಜೊತೆಗೇ ರಿಟೈರ್ ಆಯ್ತು ಅಂತ ಮನೇಲಿ ಮಾತು. ಕಿವಿ ಮಷೀನ್ ಬೀರುವಿನಲ್ಲಿದೆ, ಡಬ್ಬಿ ಸಮೇತ. ಇಡೀ ಸಿಸ್ಟಮ್ಮಿನ ಅತ್ಯುತ್ತಮ ಸೀಟಲ್ಲಿ ಒಂದೂವರೆ ಕಿವಿಯೂ ಇಲ್ಲದ ಅಪ್ಪ ಪೇಪರ್ ಓದ್ಕೊಂಡು, ದುಡ್ಡು ಕೊಟ್ಟ ನಾನು ಬಾಗಿಲ ಹತ್ರ ಪ್ಲಾಸ್ಟಿಕ್ ಚೇರಲ್ಲಿ.

ಮೊದಲ ದಿನವೇ ಅಪ್ಪ ಪೇಪರ್ ಇಳ್ಸಿ ‘ಹಿಂದ್ಗಡೆ ಏನೂ ಬರ್ತಿಲ್ವಲ್ಲೋ’ ಅಂದ್ರು.

ಎಲ್ರೂ ನಕ್ಕಿದ್ದೇ ನಕ್ಕಿದ್ದು. ‘ನಿಮ್ಗೆ ಕೇಳ್ಸಲ್ಲ ಬಿಡಿ ಅಪ್ಪ’ ಅಂದೆ. ಮೂರು ವಾರ, ಬಂದೋರಿಗೆಲ್ಲ ಡೆಮೊ. ಸಕಲೇಶಪುರದ ಭಾವ ಕಣ್ಣು ಮುಚ್ಚಿ ‘ಆಹಾ, ಹಿಂದಿಂದ ಹಂಗೇ ಸುತ್ಕೊಂಡು ಬಂತು ನೋಡು’ ಅಂದ್ರು, ಅಮ್ಮನಿಗೆ ಸೀರಿಯಲ್ಲಲ್ಲಿ ಅತ್ತೆ ಬೆನ್ನ ಹಿಂದೆ ನಿಂತು ಬೈದಂಗೆ ಆಯ್ತಂತೆ. ಆಮೇಲೊಂದು ಭಾನುವಾರ ಅಕ್ಕನ ಮಗ, ಆರನೇ ಕ್ಲಾಸು, ದಿವಾನದ ಮೇಲೆ ಹತ್ತಿ ಹಿಂದಿನ ಸ್ಪೀಕರಿಗೆ ಕಿವಿ ಒತ್ತಿ ‘ಮಾಮ, ಇದು ಸತ್ತೋಗಿದೆ’ ಅಂತು. ಇನ್ನೊಂದಕ್ಕೆ ಒತ್ತಿದ. ‘ಇದೂನೂ.’

ತಪ್ಪು ಸ್ಪೀಕರಿದ್ದಲ್ಲ, ನಂದು. ಎಚ್‌ಡಿಎಂಐ ಕೇಬಲ್ಲನ್ನ ಎಆರ್‌ಸಿ ಅಂತ ಬರೆದಿರೋ ತೂತಿಗೇ ಹಾಕಿದ್ದೆ, ಅದು ಸರಿ, ಆದ್ರೆ ಟಿವಿ ಸೆಟ್ಟಿಂಗಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತ ಇತ್ತು. ಹಂಗಿದ್ರೆ ಟಿವಿ ಆರು ಚಾನೆಲ್ಲನ್ನೂ ಎರಡಕ್ಕೆ ಕಲಸಿ ಕಳ್ಸುತ್ತೆ, ಸಾರು ಪಲ್ಯ ಮೊಸರು ಎಲ್ಲಾ ಒಂದೇ ಡಬ್ಬಿಗೆ ಹಾಕಿ ಸ್ಕೂಲಿಗೆ ಕಳ್ಸಿದಂಗೆ. ಕಲಸದೇ ಹಂಗಂಗೇ ಕಳ್ಸೋ ಬಿಟ್‌ಸ್ಟ್ರೀಮಿಗೆ ಬದಲಾಯ್ಸಿದ್ರೆ ಆಯ್ತು, ಎರಡು ನಿಮಿಷದ ಕೆಲಸ. ನಮ್ಮೂರಲ್ಲೇ ಸಾಲಗಾಮೆ ರೋಡಲ್ಲಿ ಇಸ್ರೋದ ಸ್ಯಾಟಲೈಟ್ ಕಂಟ್ರೋಲ್ ಕೇಂದ್ರ ಎಂಸಿಎಫ್‌ನೋರು 1982ರಿಂದ ಕೂತ್ಕೊಂಡು 36 ಸಾವಿರ ಕಿಲೋಮೀಟರ್ ಮೇಲಿರೋ ಸ್ಯಾಟಲೈಟಿಗೆ ಹೇಳಿದ ಮಾತು ಕೇಳ್ಸ್ತಾರೆ, ನಂಗೆ ಎಂಟಡಿ ಆಚೆಗಿನ ಸ್ಪೀಕರ್ ಮೂರು ವಾರ ಸುಮ್ನಿದ್ದಿದ್ದು ಗೊತ್ತಾಗಿಲ್ಲ. ‘ನಿಂಗೂ ಕೇಳಿರ್ಲಿಲ್ವಾ?’ ಅಂತ ಹೆಂಡ್ತೀನ ಕೇಳ್ದೆ. ‘ಇಲ್ಲ, 15 ಸಾವಿರ ಕೊಟ್ಟಿದೀರಲ್ಲ ಅಂತ ಸುಮ್ನಿದ್ದೆ’ ಅಂದ್ಳು. ಅಪ್ಪ ಪೇಪರ್ ಇಳ್ಸ್ಲೂ ಇಲ್ಲ.

ಸರಿಯಾದ ಮೇಲೆ ಮೊದಲು ಹಾಕಿದ್ದು ಮಳೆ ಸೀನು. ಎಂಥ ಮಳೆ ಅಂತೀರಾ, ಎರಡೂ ಕಿವಿ ಹಿಂದೆ ಸೋ ಅಂತ ಸುರೀತಿದೆ. ಅಡುಗೆಮನೆಯಿಂದ ಅಮ್ಮ ಸೌಟು ಸಮೇತ ‘ಅಯ್ಯೋ ಸಂಡಿಗೆ!’ ಅಂತ ಟೆರೇಸಿಗೆ ಓಡಿ, ಚುರುಗುಟ್ಟೋ ಏಪ್ರಿಲ್ ಬಿಸಿಲಲ್ಲಿ ನಿಂತು ಅಲ್ಲಿಂದಲೇ ನಂಗೆ ಬೈದಿದ್ದು ಸ್ಪೀಕರಿಲ್ಲದೇನೇ ರಸ್ತೆ ತುದಿವರೆಗೂ ಕೇಳ್ತು.

ಅದಾದ ಹತ್ತು ದಿನಕ್ಕೆ, ಸಂಜೆ, ಹೀರೋ ಮಳೇಲಿ ನೆನ್ಕೊಂಡೇ ಇಪ್ಪತ್ತು ಜನಕ್ಕೆ ಹೊಡೀತಿದ್ದ. ಅಮ್ಮ ಈ ಸಲ ಜಗ್ಗಲಿಲ್ಲ, ದಿವಾನದ ಮೇಲೆ ಕಾಲು ಚಾಚಿ ಕೂತೇ ಇದ್ರು. ಅಪ್ಪ ಪೇಪರ್ ಮಡಿಚಿ ಬಲಗಿವಿ ಮೇಲಕ್ಕೆ ಮಾಡಿ ‘ಇದು ಹಿಂದ್ಗಡೆಯಿಂದಲ್ಲ ಕಣೋ, ಮೇಲಿಂದ’ ಅಂದ್ರು.

‘ನಿಮ್ಗೆ ಕೇಳ್ಸಲ್ಲ ಬಿಡಿ ಅಪ್ಪ’ ಅಂದ್ವಿ, ಎಲ್ರೂ ಒಟ್ಟಿಗೇ.

ಫೈಟ್ ಮುಗೀತು, ಸ್ಕ್ರೀನಲ್ಲಿ ಬಿಸಿಲು ಬಂತು, ಮಳೆ ಮಾತ್ರ ನಿಲ್ಲಲಿಲ್ಲ. ಟೆರೇಸಿಗೆ ಓಡಿದ್ರೆ ಎರಡು ಸೇರು ಅಕ್ಕಿ ಸಂಡಿಗೆ ಗಂಜಿಯಾಗಿ, ಹಳೇ ಸೀರೆ ಮೇಲಿಂದ ಇಳಿದು ಪೈಪಿನ ಕಡೆಗೆ ಹೊರಟಿತ್ತು.