ಕಪ್ಪಿನಿಂದ ಬೆಳಕು ತೆಗೆದ ಕೈ

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಅಂದ ಕೂಡಲೇ ಎಲ್ಲರೂ ಅವನ ಹಸಿರು ಹೊಲ, ಹೊಳೆ, ಮೋಡಗಳ ಬಗ್ಗೆ ಮಾತಾಡುತ್ತಾರೆ. ನನಗೆ ಮಾತ್ರ ಅವನ ಬಣ್ಣದ ಚಿತ್ರಗಳಿಗಿಂತ ಕಪ್ಪು ಬಿಳುಪಿನ ಮೆಜೊಟಿಂಟ್‌ಗಳೇ, ಅಂದರೆ ಲೋಹದ ತಟ್ಟೆಯಿಂದ ಒತ್ತಿದ ಚಿತ್ರಗಳೇ, ಜಾಸ್ತಿ ಇಷ್ಟ. ಆದರೆ ಅವು ಅವನೊಬ್ಬನ ಚಿತ್ರಗಳಲ್ಲ. ತಟ್ಟೆ ಕೆರೆದವನು ಡೇವಿಡ್ ಲ್ಯೂಕಾಸ್.

1830ರಿಂದ 1832ರವರೆಗೆ ಇಬ್ಬರೂ ಸೇರಿ ಮಾಡಿದ ಇಂಥ 22 ಚಿತ್ರಗಳು ಕಂತುಕಂತಾಗಿ ಹೊರಬಂದವು. ದುಡ್ಡು ಹಾಕಿದ್ದು ಕಾನ್‌ಸ್ಟೆಬಲ್ಲೇ. ಕೊಳ್ಳುವವರು ತೀರಾ ಕಡಿಮೆ.

ಮೆಜೊಟಿಂಟ್ ಹೇಗೆ ಮಾಡ್ತಾರೆ ಗೊತ್ತಾ? ಹಲ್ಲುಹಲ್ಲಾದ ಉಪಕರಣವನ್ನು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತಾ ಲೋಹದ ತಟ್ಟೆಯನ್ನೆಲ್ಲ ತರಿತರಿ ಮಾಡುತ್ತಾರೆ. ಆಗ ಶಾಯಿ ಹಚ್ಚಿ ಒತ್ತಿದರೆ ಬರುವುದು ಅಚ್ಚ ಕಪ್ಪು, ಅಷ್ಟೇ. ಬೆಳಕು ಬೇಕಾದ ಕಡೆ ಕೆರೆಯಬೇಕು, ಉಜ್ಜಬೇಕು. ನುಣುಪಾದಷ್ಟೂ ಬಿಳುಪು. ಜಾಸ್ತಿ ಉಜ್ಜಿದರೆ ಕಪ್ಪು ಸುಮ್ನೆ ವಾಪಸ್ ಬರುವುದಿಲ್ಲ, ಆ ಜಾಗವನ್ನು ಮತ್ತೆ ತರಿ ಮಾಡಬೇಕು.

ಇಂಥ ಕೆಲಸದಲ್ಲಿ ಕಾನ್‌ಸ್ಟೆಬಲ್‌ಗೆ ಸಮಾಧಾನವೇ ಇರಲಿಲ್ಲ. ಹೇಗೆ ಬಂದಿದೆ ಅಂತ ನೋಡಲು ಒತ್ತಿದ ಪ್ರತಿಯೊಂದು ಹಾಳೆಯ ಮೇಲೂ ತಿದ್ದುತ್ತಿದ್ದ. ಲ್ಯೂಕಾಸ್ ಮತ್ತೆ ಕೂತು ಕೆರೆಯುತ್ತಿದ್ದ. 'ಗ್ಲೀಬ್ ಫಾರ್ಮ್' ಅಂತ ಶುರುವಾದ ಒಂದು ತಟ್ಟೆ ಕೊನೆಗೆ ಪಾಳುಬಿದ್ದ ಕ್ರೈಸ್ತ ಮಠದ ಚಿತ್ರವೇ ಆಗಿಹೋಯಿತು!

'ಸ್ಪ್ರಿಂಗ್' ಚಿತ್ರವನ್ನು ಫೋನಲ್ಲಿ ದೊಡ್ಡದು ಮಾಡಿ ಎಷ್ಟು ಸಲ ನೋಡಿದ್ದೇನೋ. ಉಳುತ್ತಿರುವ ಹೊಲ, ದೂರದಲ್ಲಿ ಗಾಳಿಗಿರಣಿ, ಮೇಲೆ ಓಡುವ ಮೋಡ. ಆ ಗಿರಣಿ ಕಾನ್‌ಸ್ಟೆಬಲ್‌ನ ಅಪ್ಪನದು, ಹುಡುಗನಾಗಿದ್ದಾಗ ಇವನೂ ಅಲ್ಲಿ ದುಡಿದಿದ್ದ. ಗಿರಣಿ ನಡೆಸುವವನಿಗೆ ಆಕಾಶ ನೋಡುವುದೇ ಕೆಲಸ ಅಲ್ವಾ? ಅದರ ಮರದ ಮೇಲೆ ಚಾಕುವಿನಿಂದ ತನ್ನ ಹೆಸರು, 1792 ಅಂತ ಇಸವಿ, ಎರಡನ್ನೂ ನೀಟಾಗಿ ಕೆತ್ತಿದ್ದ. ಆ ಆಕಾಶ ಅವನಿಗೆ ಬಾಯಿಪಾಠವಾಗಿತ್ತು, ಒಪ್ಪುತ್ತೇನೆ. ಆದರೆ ಮೋಡದ ಅಂಚಿನಲ್ಲಿ ಆ ಬಿಳುಪು ಎಷ್ಟಿರಬೇಕು ಅಂತ ಲೋಹದ ಮೇಲೆ ಕೈಯಲ್ಲೇ ತಿಳಿದವನು ಲ್ಯೂಕಾಸ್. ಹೇಳಿದ್ದನ್ನಷ್ಟೇ ಮಾಡುವ ಕೈಗೆ ಅದು ಬರುವುದಿಲ್ಲ.

ಕಾನ್‌ಸ್ಟೆಬಲ್ 1837ರಲ್ಲಿ ತೀರಿಕೊಂಡ. ಲ್ಯೂಕಾಸ್ 1881ರಲ್ಲಿ ಲಂಡನ್ನಿನ ಫುಲ್ಹಮ್‌ನಲ್ಲಿ, ದಿಕ್ಕಿಲ್ಲದ ಬಡವರನ್ನು ಇಡುವ ಮನೆಯಲ್ಲಿ ಸತ್ತ. ಅದನ್ನು ಓದಿದ ದಿನ ನನಗೆ ಬೇರೆ ಕೆಲಸಕ್ಕೆ ಮನಸ್ಸೇ ಬರಲಿಲ್ಲ.

ಮುದ್ರಣದ ಕೆಳಗಿನ ಅಂಚಿನಲ್ಲಿ ಎಡಕ್ಕೆ ಚಿತ್ರಕಾರನ ಹೆಸರು, ಬಲಕ್ಕೆ ತಟ್ಟೆ ಕೆತ್ತಿದವನ ಹೆಸರು ಹಾಕುವುದು ಆಗಿನ ರೂಢಿ. ನಾವು ಇಂಥ ಚಿತ್ರಗಳನ್ನು ಹಂಚಿಕೊಳ್ಳುವಾಗ ಚೆನ್ನಾಗಿ ಕಾಣಲಿ ಅಂತ ಆ ಅಂಚನ್ನೇ ಕತ್ತರಿಸಿಬಿಡುತ್ತೇವೆ. ದಯವಿಟ್ಟು ಅಂಚು ಸಮೇತ ಹಾಕಿ.